ಹಡಗೇರಿ ಬರುವ ತೊಗರಿ, ಕಣದಲ್ಲಿ ಕಾಯುವ ರೈತ

ಎಳ್ಳಮಾವಾಸ್ಯೆಯ ದಿನ ಕಲಬುರಗಿ ಸೀಮೆಯ ಊರುಗಳಲ್ಲಿ ಮನೆಗಳಿಗೆ ಬೀಗ ಬಿದ್ದಿರುತ್ತದೆ, ಜನರೆಲ್ಲ ಹೊಲದಲ್ಲಿರುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳ ಬುತ್ತಿ ಹೊತ್ತು ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬೆಳೆಯ ನೆರಳಿನಲ್ಲೇ ಉಣ್ಣುವ ಹಬ್ಬವದು. ಸೇವೆಯಿಂದ ನಿವೃತ್ತನಾದ ಮೇಲೂ ನಾನು ಈ ಹಬ್ಬಕ್ಕೆ ಸೇಡಂನಿಂದ ಚಿಂಚೋಳಿಯ ಕಡೆಗಿರುವ ಒಂದು ಹೊಲಕ್ಕೆ ಹೋಗುವುದನ್ನು ತಪ್ಪಿಸಿಲ್ಲ. ಆ ಹೊತ್ತಿಗೆ ತೊಗರಿ ಎದೆಯೆತ್ತರ ಬೆಳೆದು, ಕಾಯಿ ಬಲಿತು, ಕೊಯ್ಲಿಗೆ ದಿನ ಎಣಿಸುತ್ತಿರುತ್ತದೆ. ಈಚಿನ ಒಂದು ಎಳ್ಳಮಾವಾಸ್ಯೆಯಂದು ಊಟ ಮುಗಿಯುವ ಮೊದಲೇ ಆ ಹೊಲದ ಯಜಮಾನರ ಮೊಬೈಲಿಗೆ ಒಂದು ಸಂದೇಶ ಬಂದಿತು. ಅದನ್ನು ಓದಿ ಅವರು ನನ್ನ ಕಡೆ ತಿರುಗಿಸಿದರು. ಅದರಲ್ಲಿದ್ದುದು ಸೇಡಂ ಮಾರುಕಟ್ಟೆಯ ಧಾರಣೆಯಲ್ಲ. ಚೆನ್ನೈ ಮತ್ತು ಮುಂಬೈಗಳಲ್ಲಿ ವಿದೇಶಿ ತೊಗರಿಯ ಧಾರಣೆ.

‘ನೋಡ್ರಿ ಸಾಹೇಬ್ರ, ಹೊಲ ನಮ್ದು, ಬೆವರ ನಮ್ದು. ರೇಟ ಮಾತ್ರ ಚೆನ್ನೈ ಬಂದರದಾಗ ಕುಂತದ’ ಎಂದರು ಅವರು.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರದ ಕಡತಗಳ ನಡುವೆ ಕಳೆದ ನಾನು ಅಂತರರಾಷ್ಟ್ರೀಯ ವ್ಯಾಪಾರದ ಬಗ್ಗೆ ಇಷ್ಟು ಅಡಕವಾದ ವಿವರಣೆಯನ್ನು ಬೇರೆಲ್ಲೂ ಕೇಳಿಲ್ಲ. ದೇಶದ ತೊಗರಿ ಆಮದು ಹೇಗೆ ಬೆಳೆಯಿತು, ಯಾವ ಹಾದಿಗಳಲ್ಲಿ ಬರುತ್ತಿದೆ, ಅದರ ಭಾರ ಯಾರ ಹೆಗಲ ಮೇಲೆ ಬೀಳುತ್ತಿದೆ ಎಂಬುದನ್ನು ಈ ಮಾತಿನ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆಮದನ್ನು ಪೂರ್ತಿ ನಿಲ್ಲಿಸಬೇಕೆಂದು ವಾದಿಸಲು ನಾನು ಹೊರಟಿಲ್ಲ. ಹಡಗು ಬರುವುದಕ್ಕಿಂತ ಅದು ಯಾವಾಗ, ಎಷ್ಟು ಹೊತ್ತು ತರುತ್ತದೆ ಎಂಬುದು ರೈತನಿಗೆ ಮುಂಚಿತವಾಗಿ ತಿಳಿಯದಿರುವುದೇ ದೊಡ್ಡ ಅನ್ಯಾಯ ಎಂಬುದು ನನ್ನ ನಿಲುವು.

ಸುಣ್ಣಕಲ್ಲಿನ ಮೇಲಿನ ಬೆಳೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ — ಈ ಐದು ಹೆಸರುಗಳನ್ನು ಕೇಳಿದೊಡನೆ ಹೊರಗಿನವರಿಗೆ ನೆನಪಾಗುವುದು ಕಲ್ಲು ಮತ್ತು ಸಿಮೆಂಟು. ಶಹಾಬಾದಿನ ಹಾಸುಗಲ್ಲು ದಕ್ಷಿಣ ಭಾರತದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳ ಸಿಮೆಂಟು ನಗರಗಳನ್ನು ಎತ್ತಿ ನಿಲ್ಲಿಸಿದೆ. ಆದರೆ ಅದೇ ಸುಣ್ಣಕಲ್ಲಿನ ಪದರದ ಮೇಲೆ ಹರಡಿದ ಎರೆಮಣ್ಣು ತೊಗರಿಗೂ ತವರು. ಮಣ್ಣಿನಲ್ಲಿರುವ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಅಂಶಗಳೇ ಇಲ್ಲಿನ ಬೇಳೆಯ ರುಚಿ, ಪರಿಮಳಗಳಿಗೆ ಕಾರಣವೆನ್ನಲಾಗುತ್ತದೆ. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇತ್ತೀಚಿನ ವರ್ಷಗಳಲ್ಲಿ ಜಿಲ್ಲೆಯಲ್ಲಿ ಸುಮಾರು ಆರು ಲಕ್ಷ ಹೆಕ್ಟೇರ್ ಪ್ರದೇಶದಲ್ಲಿ ತೊಗರಿ ಬಿತ್ತನೆಯಾಗುತ್ತಿದೆ. ತೊಗರಿಯ ಕಣಜವೆಂಬ ಹೆಸರು ಸುಮ್ಮನೆ ಬಂದುದಲ್ಲ.

ವ್ಯಾಪಾರದ ಹಾದಿಗಳೂ ಈ ನೆಲಕ್ಕೆ ಹೊಸವಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಂಡೆಯ ಮೇಲಿತ್ತು. ಅದರ ದೊರೆಗಳ ವೈಭವವನ್ನು ಒಂಬತ್ತನೆಯ ಶತಮಾನದ ಅರಬ್ ವರ್ತಕರು ಬರೆದಿಟ್ಟಿದ್ದಾರೆ. ಬ್ರಿಟಿಷರ ಕಾಲದಲ್ಲಿ ಮುಂಬೈ ಕಡೆಯ ರೈಲು ಹಳಿ ಮದರಾಸಿನ ಹಳಿಯನ್ನು 1871ರಲ್ಲಿ ರಾಯಚೂರಿನಲ್ಲಿ ಸಂಧಿಸಿತು. 1874ರಲ್ಲಿ ನಿಜಾಮರ ರಾಜ್ಯದ ರೈಲು ಸಿಕಂದರಾಬಾದಿನಿಂದ ಬಂದು ವಾಡಿಯಲ್ಲಿ ಅದನ್ನು ಕೂಡಿಕೊಂಡಿತು. ವಾಡಿ ಜಂಕ್ಷನ್ ಆದದ್ದು ಹೀಗೆ. ಒಂದು ಹಳಿ ಮುಂಬೈಗೆ, ಒಂದು ಚೆನ್ನೈಗೆ, ಇನ್ನೊಂದು ಹೈದರಾಬಾದಿಗೆ. ಈ ನಾಡಿನ ಫಸಲು ದೇಶದ ಮೂರು ಮೂಲೆಗಳಿಗೆ ಹೊರಡಲು ತೆರೆದ ಹಾದಿಗಳಿವು. ಈಗ ಆ ಹಾದಿಗಳ ಎರಡು ತುದಿಗಳಲ್ಲಿರುವ ಬಂದರುಗಳಿಂದಲೇ ಫಸಲಿನ ಬೆಲೆ ಒಳಕ್ಕೆ ಬರುತ್ತಿದೆ.

ಕೊರತೆಯ ಲೆಕ್ಕ

ದೇಶಕ್ಕೆ ವರ್ಷಕ್ಕೆ ಸುಮಾರು 45 ಲಕ್ಷ ಟನ್ ತೊಗರಿ ಬೇಕು. ಬೆಳೆಯುವುದು ಒಂದೊಂದು ವರ್ಷ ಒಂದೊಂದು ಬಗೆ. 2015–16ರಲ್ಲಿ ಉತ್ಪಾದನೆ 25.6 ಲಕ್ಷ ಟನ್ನಿಗೆ ಕುಸಿಯಿತು. 2016–17ರಲ್ಲಿ ಅದು 48.7 ಲಕ್ಷ ಟನ್ನಿಗೆ ಜಿಗಿಯಿತು. 2021–22ರಲ್ಲಿ ಸುಮಾರು 42 ಲಕ್ಷ ಟನ್ ಇದ್ದದ್ದು ಮರುವರ್ಷ 33 ಲಕ್ಷ ಟನ್ನಿಗೆ ಇಳಿಯಿತು. 2023–24ರಲ್ಲಿ 34 ಲಕ್ಷ ಟನ್ನಿನ ಆಸುಪಾಸಿನಲ್ಲೇ ಉಳಿಯಿತು. ಮಳೆಯಾಶ್ರಿತ ಬೆಳೆ, ಆರು ತಿಂಗಳಿಗೂ ಮಿಕ್ಕಿದ ಅವಧಿ, ಹೂವಾಡುವಾಗ ಮೋಡ ಮುಚ್ಚಿದರೆ ಕಾಯಿಕೊರಕ, ನೀರು ನಿಂತರೆ ನೆಟೆ ರೋಗ. 2022ರಲ್ಲಿ ಇದೇ ಜಿಲ್ಲೆಯಲ್ಲಿ ನೆಟೆ ರೋಗಕ್ಕೆ ಅಪಾರ ಪ್ರದೇಶದ ತೊಗರಿ ನಿಂತಲ್ಲೇ ಒಣಗಿದ್ದನ್ನು ಓದುಗರು ಮರೆತಿರಲಾರರು.

ಉತ್ಪಾದನೆ ಕುಸಿದ ವರ್ಷ ಏನಾಗುತ್ತದೆಂಬುದು ನಗರದ ಗೃಹಿಣಿಗೆ ಚೆನ್ನಾಗಿ ಗೊತ್ತು. 2015ರ ಅಕ್ಟೋಬರಿನಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಸಾರಿಗೆ ಬೇಳೆ ಹಾಕುವಾಗ ಕೈ ಹಿಂದೆಗೆಯುತ್ತಿದ್ದ ದಿನಗಳವು. ಮಾಂಸ, ಮೊಟ್ಟೆಗಳು ಅಪರೂಪವಾದ ಮನೆಗಳಲ್ಲಿ ಬೇಳೆಯೇ ಪ್ರೋಟೀನು. ಆದ್ದರಿಂದ ಆಮದು ಪಾಪವೆಂದು ನಾನು ಹೇಳಲಾರೆ. ಕೊರತೆಯ ವರ್ಷದಲ್ಲಿ ಹೊರಗಿನಿಂದ ಕಾಳು ತರಿಸದ ಸರ್ಕಾರ ಬಡವರ ತಟ್ಟೆಯಿಂದಲೇ ಬೇಳೆಯನ್ನು ಕಿತ್ತಂತೆ.

ಆದರೆ ಕೊರತೆ ತುಂಬಲು ತೆರೆದ ಬಾಗಿಲನ್ನು ನಾವು ಹೇಗೆ ತೆರೆದೆವು, ಹೇಗೆ ಮುಚ್ಚಿದೆವು ಎಂಬುದರಲ್ಲೇ ಕತೆಯಿದೆ. 2016–17ರಲ್ಲಿ ದೇಶದಲ್ಲಿ ದಾಖಲೆಯ ಬೇಳೆಕಾಳು ಬೆಳೆಯಿತು; ಅದೇ ವರ್ಷ ಆಮದೂ ದಾಖಲೆಯ 66 ಲಕ್ಷ ಟನ್ ಮುಟ್ಟಿತು. ಬೆಲೆ ನೆಲ ಕಚ್ಚಿತು. 2017ರ ಮಾರ್ಚಿನಲ್ಲಿ ತೊಗರಿಗೆ ಶೇ 10ರಷ್ಟು ಆಮದು ಸುಂಕ ಬಂದಿತು. ಆಗಸ್ಟಿನಲ್ಲಿ ವರ್ಷಕ್ಕೆ ಎರಡು ಲಕ್ಷ ಟನ್ನಿನ ಮಿತಿ ಬಂದಿತು. 2006ರಿಂದ ಜಾರಿಯಲ್ಲಿದ್ದ ರಫ್ತು ನಿಷೇಧವನ್ನು ಅದೇ ಸೆಪ್ಟೆಂಬರಿನಲ್ಲಿ ತೊಗರಿಯ ಮಟ್ಟಿಗೆ ತೆಗೆಯಲಾಯಿತು. ಇವೆಲ್ಲ ರೈತ ತನ್ನ ಕಾಳನ್ನು ಮಾರಿ ಕೈ ತೊಳೆದುಕೊಂಡ ಮೇಲೆ ಬಂದ ಆದೇಶಗಳೆಂಬುದನ್ನು ಗಮನಿಸಬೇಕು.

ಮುಂದೆ ಕಾಲ ತಿರುಗಿತು. 2021ರ ಮೇ 15ರಂದು ತೊಗರಿಯನ್ನು ಮತ್ತೆ ಮುಕ್ತ ಆಮದಿನ ಪಟ್ಟಿಗೆ ಸೇರಿಸಲಾಯಿತು. ಆಗ ಹೇಳಿದ್ದು ಅಕ್ಟೋಬರ್ 31ರವರೆಗೆ ಮಾತ್ರ ಎಂದು. ಆ ಬಾಗಿಲು ಕಂತು ಕಂತಾಗಿ 2026ರ ಮಾರ್ಚ್ 31ರವರೆಗೆ ತೆರೆದೇ ಉಳಿಯಿತು. 2026ರ ಮಾರ್ಚ್‌ವರೆಗಿನ ಆ ವಿಸ್ತರಣೆ ಹೊರಬಿದ್ದದ್ದು 2025ರ ಜನವರಿಯಲ್ಲಿ. ಅಂದರೆ ಸೇಡಂ, ಚಿತ್ತಾಪುರಗಳಲ್ಲಿ ರಾಶಿ ನಡೆಯುತ್ತಿದ್ದ ಹೊತ್ತಿನಲ್ಲಿ. 2024–25ರಲ್ಲಿ ತೊಗರಿಯ ಆಮದು ಸುಮಾರು 12 ಲಕ್ಷ ಟನ್ನಿಗೇರಿತು. ಎಲ್ಲ ಬೇಳೆಕಾಳುಗಳೂ ಸೇರಿ ಆಮದು 70 ಲಕ್ಷ ಟನ್ ದಾಟಿ ಹಿಂದಿನ ದಾಖಲೆಯನ್ನು ಮುರಿಯಿತು. ಅದರಲ್ಲಿ 20 ಲಕ್ಷ ಟನ್ನಿಗೂ ಹೆಚ್ಚಿನ ಪಾಲು 2023ರ ಡಿಸೆಂಬರಿನಿಂದ ಸುಂಕವಿಲ್ಲದೆ ಬರತೊಡಗಿದ ಹಳದಿ ಬಟಾಣಿಯದು. ಅಗ್ಗದ ಬಟಾಣಿ ಬೇಳೆ ಮಾರುಕಟ್ಟೆಗೆ ಇಳಿದಾಗ ಅದರ ಒತ್ತಡ ಕಡಲೆ, ತೊಗರಿಗಳ ಮೇಲೂ ಬೀಳುತ್ತದೆ. ಅದಕ್ಕೆ ಶೇ 30ರ ಸುಂಕ ಬಂದದ್ದು 2025ರ ನವೆಂಬರಿನಲ್ಲಿ.

ನಕಾಲಾದಿಂದ ಕಲಬುರಗಿಗೆ

ಹೊರಗಿನ ತೊಗರಿ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಎರಡು ದಿಕ್ಕುಗಳಿಂದ. ಪೂರ್ವದಲ್ಲಿ ಮ್ಯಾನ್ಮಾರ್. ಅಲ್ಲಿನ ಯಾಂಗೊನ್ ಬಂದರಿನಿಂದ ಹೊರಟ ಕಾಳು ಚೆನ್ನೈಗೆ ಇಳಿಯುತ್ತದೆ. ಪೇಟೆಯಲ್ಲಿ ಅದರ ಹೆಸರು ‘ಲೆಮನ್’. ಪಶ್ಚಿಮದಲ್ಲಿ ಪೂರ್ವ ಆಫ್ರಿಕಾ. ಮೊಜಾಂಬಿಕ್ ದೇಶದ ಕಾಳು ನಕಾಲಾ ಬಂದರಿನಿಂದಲೂ, ತಾಂಜಾನಿಯಾದ್ದು ದಾರ್ ಎಸ್ ಸಲಾಮಿನಿಂದಲೂ ಹೊರಡುತ್ತದೆ. ಸಮುದ್ರವೇ ಇಲ್ಲದ ಮಲಾವಿಯ ಕಾಳು ಮೊಜಾಂಬಿಕ್ಕಿನ ನಕಾಲಾ ಅಥವಾ ಬೈರಾ ಬಂದರನ್ನು ಆಶ್ರಯಿಸಬೇಕು. ಅಲ್ಲಿಂದ ಹಿಂದೂ ಮಹಾಸಾಗರ ದಾಟಿ ಮುಂಬೈಯ ನ್ಹಾವಾ ಶೇವಾ, ಗುಜರಾತಿನ ಮುಂದ್ರಾ ಮುಂತಾದ ಬಂದರುಗಳನ್ನು ಸೇರುತ್ತದೆ. ‘ಅರುಶಾ’, ‘ಗಜರಿ’, ‘ಮಲಾವಿ’ ಎಂಬ ಹೆಸರುಗಳು ನಮ್ಮ ದಾಲ್ ಮಿಲ್ಲುಗಳಲ್ಲಿ ಇಂದು ‘ಮಾರುತಿ’, ‘ಗುಳ್ಯಾಳ’ಗಳಷ್ಟೇ ಪರಿಚಿತ.

ಈ ಹಾದಿಗಳಿಗೆ ಸರ್ಕಾರದ ಒಪ್ಪಂದಗಳ ಬಲವೂ ಇದೆ. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಬೇಳೆಕಾಳು ಖರೀದಿಯ ಒಪ್ಪಂದವಾಯಿತು: ಒಂದು ಲಕ್ಷ ಟನ್ನಿನಿಂದ ಆರಂಭವಾಗಿ ಐದನೆಯ ವರ್ಷಕ್ಕೆ ಎರಡು ಲಕ್ಷ ಟನ್. 2021ರಲ್ಲಿ ಅದನ್ನು ಮತ್ತೈದು ವರ್ಷಗಳಿಗೆ, ವರ್ಷಕ್ಕೆ ಎರಡು ಲಕ್ಷ ಟನ್ನಿನಂತೆ ಮುಂದುವರಿಸಲಾಯಿತು. ಅದೇ ವರ್ಷ ಮಲಾವಿಯಿಂದ 50 ಸಾವಿರ ಟನ್, ಮ್ಯಾನ್ಮಾರಿನಿಂದ ಒಂದು ಲಕ್ಷ ಟನ್ ತೊಗರಿ ತರಿಸಿಕೊಳ್ಳುವ ಒಪ್ಪಂದಗಳೂ ಆದವು. ಇವೆಲ್ಲದರ ಅವಧಿ 2025–26ರವರೆಗೆ.

ಇಷ್ಟಾದರೂ ಹಾದಿ ನಿಶ್ಚಿಂತವಲ್ಲ. 2023ರ ಕೊನೆಯಲ್ಲಿ ಮೊಜಾಂಬಿಕ್ಕಿನಲ್ಲಿ ರಫ್ತುದಾರರ ನಡುವಿನ ಕಾನೂನು ವ್ಯಾಜ್ಯದಿಂದ ನಕಾಲಾದಲ್ಲಿ ತೊಗರಿಯ ಸಾಗಣೆ ತಡೆಯಲ್ಪಟ್ಟಿತು. ಆ ಬಂದರಿನ ಹೆಸರನ್ನೇ ಕೇಳದ ನಮ್ಮ ಗೃಹಿಣಿ ಅದರ ಬಿಸಿಯನ್ನು ಬೇಳೆಯ ಬೆಲೆಯಲ್ಲಿ ಅನುಭವಿಸಿದಳು. ಮ್ಯಾನ್ಮಾರಿನಲ್ಲಿ 2021ರ ಸೇನಾ ಕ್ಷಿಪ್ರಕ್ರಾಂತಿಯ ನಂತರದ ಅಶಾಂತಿ ಎಲ್ಲರಿಗೂ ಗೊತ್ತಿರುವಂಥದ್ದು. ಬೆರಳೆಣಿಕೆಯ ದೇಶಗಳ ಮೇಲೆ ಇಷ್ಟೊಂದು ಅವಲಂಬನೆ ಗ್ರಾಹಕನಿಗೂ ಕ್ಷೇಮವಲ್ಲ.

ಇನ್ನು ಋತುಮಾನವನ್ನು ನೋಡೋಣ. ನಮ್ಮಲ್ಲಿ ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ಕೊಯ್ಲಿಗೆ ಬರುತ್ತದೆ. ಪೂರ್ವ ಆಫ್ರಿಕಾದ ಕೊಯ್ಲು ಆಗಸ್ಟ್–ಸೆಪ್ಟೆಂಬರಿನ ಸುಮಾರಿಗೆ. ಆ ಕಾಳು ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಮ್ಮ ಬಂದರುಗಳಿಗೆ ಬಂದರೆ ಅದು ನಮ್ಮ ಹಳೆಯ ದಾಸ್ತಾನು ತೀರಿ ಹೊಸದು ಬಾರದ ಕೊರತೆಯ ಕಾಲ. ಆಗ ಬಂದ ಹಡಗು ನಿಜವಾಗಿ ಉಪಕಾರಿ. ಪ್ರಕೃತಿಯೇ ಹೊಂದಿಸಿಕೊಟ್ಟ ಪಂಚಾಂಗವಿದು. ಆದರೆ ಮಿತಿಯಿಲ್ಲದೆ ಬಂದು ಗೋದಾಮಿನಲ್ಲಿ ಉಳಿದ ಕಾಳು ಡಿಸೆಂಬರಿನಲ್ಲಿ ನಮ್ಮ ಹೊಸ ಫಸಲಿಗೆ ಎದುರಾಳಿಯಾಗಿ ನಿಲ್ಲುತ್ತದೆ. ಅದರ ಬೆನ್ನಿಗೇ ಮ್ಯಾನ್ಮಾರಿನ ಹೊಸ ಕಾಳು ಹೊರಡುತ್ತದೆ. ದಾಸ್ತಾನು ತುಂಬಿರುವ ಮಿಲ್ಲಿನವನಿಗೆ ನಮ್ಮ ರೈತನ ಚೀಲ ಕೊಳ್ಳುವ ಅವಸರವೇನು? ಅವನು ಕಾಯಬಲ್ಲ. ಅಡತಿ ಅಂಗಡಿಯ ಸಾಲ, ಗೊಬ್ಬರದ ಬಾಕಿ, ಮಗಳ ಮದುವೆ ಎದುರಿಗಿರುವ ರೈತ ಕಾಯಲಾರ. ಬೆಲೆ ನಿಶ್ಚಯವಾಗುವುದು ಯಾರು ಎಷ್ಟು ದಿನ ಕಾಯಬಲ್ಲರು ಎಂಬುದರ ಮೇಲೆ. ನಾನು ತರಗತಿಯಲ್ಲಿ ಕಲಿತ ಬೇಡಿಕೆ–ಪೂರೈಕೆಯ ರೇಖಾಚಿತ್ರಗಳಲ್ಲಿ ಈ ಕಾಯುವಿಕೆಗೆ ಜಾಗವಿರಲಿಲ್ಲ.

ನನ್ನದೇ ಒಂದು ಸಹಿ

ಈ ಪಾಠವನ್ನು ನಾನು ಕಲಿತದ್ದು 2017ರಲ್ಲಿ, ಸ್ವಲ್ಪ ತಡವಾಗಿ. ಆಗ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 5,500 ಮಾಡಿತ್ತು. ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳ ಸಾಲು, ಚೀಲಗಳ ಮೇಲೆಯೇ ಮಲಗಿದ ರೈತರು. ಒಂದು ಕೇಂದ್ರದ ಉಸ್ತುವಾರಿ ನನ್ನ ಪಾಲಿಗಿತ್ತು. ಅಲ್ಲಿ ಗೋಣಿಚೀಲ ಮುಗಿದಿತ್ತು, ನಿಗದಿಯಾದ ಗುರಿಯೂ ಮುಗಿದಿತ್ತು, ಮೇಲಿನಿಂದ ಬಂದ ಪತ್ರದಲ್ಲಿದ್ದ ಕೊನೆಯ ದಿನವೂ ಮುಗಿದಿತ್ತು. ಖರೀದಿ ಸ್ಥಗಿತಗೊಂಡಿದೆ ಎಂಬ ನೋಟಿಸಿಗೆ ಸಹಿ ಹಾಕಿದವನು ನಾನೇ. ಅವಧಿ ವಿಸ್ತರಿಸುವಂತೆ ಅಂದೇ ಒಂದು ಟಿಪ್ಪಣಿ ಕಳಿಸಬಹುದಿತ್ತು. ನಾಲ್ಕು ದಿನ ಬಿಟ್ಟು ಕಳಿಸಿದೆ. ನಿಯಮದ ಪ್ರಕಾರ ನನ್ನಿಂದ ಯಾವ ತಪ್ಪೂ ಆಗಿರಲಿಲ್ಲ.

ಆ ಸಾಲಿನಲ್ಲಿ ಮೂರು ರಾತ್ರಿ ಕಳೆದು, 18 ಕ್ವಿಂಟಲ್ ತೊಗರಿಯನ್ನು ಮರಳಿ ಹೇರಿಕೊಂಡು ಹೋದವರಲ್ಲಿ ಒಬ್ಬರು, ಎಳ್ಳಮಾವಾಸ್ಯೆಗೆ ನನ್ನನ್ನು ತಮ್ಮ ಹೊಲಕ್ಕೆ ಕರೆಯುವ ಈ ಯಜಮಾನರು. ಅವರು ಮಾರನೆಯ ದಿನ ಅಡತಿಯಲ್ಲಿ 4,200ರಂತೆ ಮಾರಿದರು. ಕ್ವಿಂಟಲಿಗೆ 1,300 ರೂಪಾಯಿಯಂತೆ ಒಟ್ಟು 23,400 ರೂಪಾಯಿ ನಷ್ಟ. ನಗರದ ಓದುಗರಿಗೆ ಇದು ದೊಡ್ಡ ಮೊತ್ತವೆನಿಸದಿರಬಹುದು. ಆ ವರ್ಷ ಅವರ ಮಗ ಡಿಪ್ಲೊಮಾ ಓದನ್ನು ನಡುವೆ ಬಿಟ್ಟು ಗುತ್ತಿಗೆ ಕೂಲಿಗೆ ಸೇರಿದ. ಮುಂದೆ ಅವಧಿ ವಿಸ್ತರಣೆಯಾಯಿತು, ಖರೀದಿ ಮತ್ತೆ ಆರಂಭವಾಯಿತು. ಅಷ್ಟರಲ್ಲಿ ಅವರ ಮನೆಯಲ್ಲಿ ತೊಗರಿ ಉಳಿದಿರಲಿಲ್ಲ.

ಅವರು ನನ್ನನ್ನು ದೂರಲಿಲ್ಲ. ಎಷ್ಟೋ ತಿಂಗಳ ನಂತರ ಭೇಟಿಯಾದಾಗ ಒಂದೇ ಮಾತು ಹೇಳಿದರು: ‘ನಿಮ್ಮ ಕಾಗದಕ್ಕ ಒಂದು ತಾರೀಖ ಇತ್ತು, ಸಾಹೇಬ್ರ. ನಮ್ಮ ತೊಗರಿಗೂ ಒಂದು ತಾರೀಖ ಇರ್ತದಲ್ರಿ.’

ಆಚೆ ದಡದ ರೈತ

ನಮ್ಮ ಹಠಾತ್ ಆದೇಶಗಳಿಂದ ನೊಂದವರು ನಮ್ಮ ರೈತರು ಮಾತ್ರವಲ್ಲ. ತಾಂಜಾನಿಯಾದಲ್ಲಿ ತೊಗರಿಯನ್ನು ‘ಎಂಬಾಜಿ’ ಎನ್ನುತ್ತಾರೆ. ಅಲ್ಲಿನ ಸಣ್ಣ ರೈತರು ಭಾರತ ಕೊಳ್ಳುತ್ತದೆಂಬ ಒಂದೇ ನಂಬಿಕೆಯಿಂದ ಅದನ್ನು ಹೆಚ್ಚು ಹೆಚ್ಚು ಬಿತ್ತಿದ್ದರು. 2017ರ ಆಗಸ್ಟಿನಲ್ಲಿ, ಸರಿಯಾಗಿ ಅವರ ಕೊಯ್ಲಿನ ಹೊತ್ತಿಗೆ, ನಾವು ಮಿತಿ ಹೇರಿದೆವು. ತಾಂಜಾನಿಯಾ, ಮೊಜಾಂಬಿಕ್, ಮಲಾವಿಗಳಲ್ಲಿ ಬೆಲೆ ಒಮ್ಮೆಲೇ ಕುಸಿದು, ಕೊಳ್ಳುವವರಿಲ್ಲದೆ ಕಾಳು ಮನೆಗಳಲ್ಲೇ ಉಳಿಯಿತು. ಅದೇ ವರ್ಷದ ಆರಂಭದಲ್ಲಿ ಸೇಡಂ ರೈತ, ಕೊನೆಯಲ್ಲಿ ಆಫ್ರಿಕಾದ ರೈತ — ಇಬ್ಬರೂ ಒಂದೇ ಅನಿಶ್ಚಿತತೆಗೆ ಬಲಿಯಾದರು. ಸಮುದ್ರದ ಆಚೆಗಿರುವವನು ನಮ್ಮ ಶತ್ರುವೆಂದು ಭಾವಿಸುವುದು ಸುಲಭ. ಆದರೆ ಇಬ್ಬರನ್ನೂ ಕಾಡಿದ್ದು ಬಿತ್ತುವಾಗ ಇದ್ದ ನಿಯಮ ಕೊಯ್ಯುವಾಗ ಇಲ್ಲದಿದ್ದುದು.

ಏನು ಮಾಡಬಹುದು?

ಆಮದು ಸುಂಕ ಹೆಚ್ಚಿಸಿ ಎಂಬುದು ಸಾಮಾನ್ಯವಾಗಿ ಕೇಳಿಬರುವ ಬೇಡಿಕೆ. ತೊಗರಿಯ ವಿಷಯದಲ್ಲಿ ಅದರ ಪರಿಣಾಮ ಸೀಮಿತ. ಮೊಜಾಂಬಿಕ್, ಮಲಾವಿ, ತಾಂಜಾನಿಯಾ, ಮ್ಯಾನ್ಮಾರ್ ನಾಲ್ಕೂ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿವೆ. ಅಂಥ ದೇಶಗಳ ಸರಕಿಗೆ ಭಾರತ 2008ರಿಂದ ಸುಂಕದ ವಿನಾಯಿತಿ ನೀಡುತ್ತ ಬಂದಿದೆ. ಹೀಗಾಗಿ 2017ರ ಶೇ 10ರ ಸುಂಕ ಹೆಚ್ಚಿನ ಫಲ ಕೊಡಲಿಲ್ಲ. ಐದು ತಿಂಗಳೊಳಗೆ ಪ್ರಮಾಣದ ಮಿತಿಯನ್ನೇ ತರಬೇಕಾಯಿತು. ಆದ್ದರಿಂದ ಚರ್ಚೆ ಸುಂಕದಿಂದ ಪ್ರಮಾಣ ಮತ್ತು ಕಾಲದ ಕಡೆಗೆ ತಿರುಗಬೇಕು.

ಮೊದಲನೆಯದಾಗಿ, ಮುಂದಿನ ಮಾರುಕಟ್ಟೆ ವರ್ಷದ ಆಮದು ನೀತಿಯನ್ನು ಮುಂಗಾರು ಬಿತ್ತನೆಗೆ ಮೊದಲೇ ಪ್ರಕಟಿಸಬೇಕು. ಬೆಂಬಲ ಬೆಲೆಯ ಘೋಷಣೆಯ ಜೊತೆಗೇ ಅದೂ ಹೊರಬೀಳಲಿ. ಎಷ್ಟು ಟನ್ ಬರಲಿದೆ ಎಂದು ತಿಳಿದರೆ ರೈತ ತೊಗರಿ ಬಿತ್ತಬೇಕೋ, ಹತ್ತಿ ಅಥವಾ ಸೋಯಾ ಬಿತ್ತಬೇಕೋ ಎಂಬುದನ್ನು ತಾನೇ ತೀರ್ಮಾನಿಸುತ್ತಾನೆ. ನಕಾಲಾದ ರೈತನಿಗೂ ಅದು ತಿಳಿಯುತ್ತದೆ.

ಎರಡನೆಯದಾಗಿ, ಹಡಗು ಬರಲು ಒಂದು ಋತು ಗೊತ್ತುಪಡಿಸಬೇಕು. ಏಪ್ರಿಲಿನಿಂದ ನವೆಂಬರಿನವರೆಗೆ ಅಂದಾಜು ಕೊರತೆಯಷ್ಟು ಬರಲಿ. ಡಿಸೆಂಬರಿನಿಂದ ಮಾರ್ಚಿನವರೆಗೆ ನಮ್ಮ ಕಣದ ಕಾಳಿಗೆ ಮಾರುಕಟ್ಟೆಯನ್ನು ಬಿಟ್ಟುಕೊಡಲಿ. ಧಾರಣೆ ಬೆಂಬಲ ಬೆಲೆಗಿಂತ ಇಂತಿಷ್ಟು ಪಟ್ಟು ಏರಿದರೆ ಮಾತ್ರ ಬಾಗಿಲು ತೆರೆಯುವುದೆಂಬ ನಿಯಮವನ್ನೂ ಮೊದಲೇ ಬರೆದಿಡಬಹುದು. ಆಗ ಗ್ರಾಹಕನಿಗೂ ರಕ್ಷಣೆಯಿರುತ್ತದೆ, ಸಟ್ಟಾ ವ್ಯಾಪಾರಿಗೂ ಊಹಾಪೋಹಕ್ಕೆ ಎಡೆಯಿರುವುದಿಲ್ಲ.

ಮೂರನೆಯದು ಖರೀದಿ. 2016ರಲ್ಲಿ ಅಂದಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರ ಸಮಿತಿ 2017ರ ಮುಂಗಾರಿಗೇ ತೊಗರಿಯ ಬೆಂಬಲ ಬೆಲೆಯನ್ನು ಕ್ವಿಂಟಲಿಗೆ 6,000 ರೂಪಾಯಿ ಮಾಡಬೇಕೆಂದು ಶಿಫಾರಸು ಮಾಡಿತ್ತು. ಆ ಮಟ್ಟ ಮುಟ್ಟಿದ್ದು 2020–21ರಲ್ಲಿ. 2025–26ಕ್ಕೆ ಅದು 8,000 ಆಯಿತು. ಬೆಲೆ ಘೋಷಿಸುವುದು ಸುಲಭ. ಆ ಬೆಲೆಗೆ ಕೊಳ್ಳುವುದು ಕಷ್ಟ. 2025ರ ಕೇಂದ್ರ ಬಜೆಟ್ಟಿನಲ್ಲಿ ಬೇಳೆಕಾಳುಗಳ ಸ್ವಾವಲಂಬನೆಗೆ ಆರು ವರ್ಷಗಳ ಯೋಜನೆ ಘೋಷಣೆಯಾಯಿತು. ಅದಕ್ಕೆ 11,440 ಕೋಟಿ ರೂಪಾಯಿ ಗೊತ್ತುಪಡಿಸಲಾಗಿದೆ. ನೋಂದಾಯಿತ ರೈತರು ತರುವ ತೊಗರಿ, ಉದ್ದು, ಮಸೂರಗಳನ್ನು ನಾಲ್ಕು ವರ್ಷ ಪೂರ್ತಿಯಾಗಿ ಖರೀದಿಸುವ ಭರವಸೆಯೂ ಅದರಲ್ಲಿದೆ. ಸ್ವಾಗತಾರ್ಹ ಹೆಜ್ಜೆಯಿದು. ಆದರೆ ಅನುಭವದಿಂದ ಹೇಳುತ್ತೇನೆ: ಯೋಜನೆಯ ಯಶಸ್ಸು ದೆಹಲಿಯ ಕೋಟಿಗಳಲ್ಲಿಲ್ಲ. ಚಿತ್ತಾಪುರದ ಕೇಂದ್ರದಲ್ಲಿ ಡಿಸೆಂಬರ್ ಮುಗಿಯುವುದರೊಳಗೆ ಗೋಣಿಚೀಲ, ತೂಕದ ಯಂತ್ರ, ಗೋದಾಮು ಸಿದ್ಧವಾಗಿವೆಯೇ ಎಂಬುದರಲ್ಲಿದೆ.

ಕೊನೆಯದಾಗಿ, ಮನೆಯ ಕೆಲಸವೂ ಬಾಕಿಯಿದೆ. ಸೊರಗು ರೋಗಕ್ಕೆ ತಡೆಯುವ ‘ಮಾರುತಿ’ ತಳಿಯನ್ನು ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಗುರುತಿಸಿಕೊಟ್ಟು, ಅದು 1986ರಲ್ಲಿ ಕರ್ನಾಟಕದ ರೈತರ ಕೈಗೆ ಬಂದಾಗ ಈ ಭಾಗದ ತೊಗರಿ ಮರುಹುಟ್ಟು ಪಡೆಯಿತು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವೂ ಟಿಎಸ್–3ಆರ್‌ನಂಥ ತಳಿಗಳನ್ನು ನೀಡಿದೆ. ಆದರೂ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಎಂಟು–ಒಂಬತ್ತು ಕ್ವಿಂಟಲಿನ ಆಸುಪಾಸಿನಲ್ಲೇ ನಿಂತಿದೆ. ಹೂವಾಡುವಾಗ ಒಂದು ನೀರು, ಬದುಗಳಲ್ಲಿ ನೀರು ಬಸಿದುಹೋಗಲು ದಾರಿ, ಹೊಲಕ್ಕೆ ಬಂದು ರೋಗ ಗುರುತಿಸುವ ಒಬ್ಬ ಕೃಷಿ ಅಧಿಕಾರಿ — ಇವು ದುಬಾರಿ ಬೇಡಿಕೆಗಳಲ್ಲ. ಭೌಗೋಳಿಕ ಸೂಚಕದ ಮುದ್ರೆಯೂ ಪ್ರಮಾಣಪತ್ರವಾಗಿ ಗೋಡೆಯಲ್ಲಿ ತೂಗಿದರೆ ಸಾಲದು. ಬೆಂಗಳೂರಿನ ಅಂಗಡಿಯಲ್ಲಿ ಬೇಳೆ ಕೊಳ್ಳುವವರಿಗೆ ಅದು ಸೇಡಂ ಮಣ್ಣಿನದೋ, ಮಲಾವಿಯದೋ ಎಂಬುದು ಪೊಟ್ಟಣದ ಮೇಲೆಯೇ ತಿಳಿಯುವಂತಾಗಬೇಕು. ಆಗ ಅವರು ಎರಡು ರೂಪಾಯಿ ಹೆಚ್ಚು ಕೊಟ್ಟು ಇದನ್ನೇ ಆರಿಸಿಕೊಳ್ಳುವ ಸ್ವಾತಂತ್ರ್ಯವಾದರೂ ಇರುತ್ತದೆ.

ಆ ಎಳ್ಳಮಾವಾಸ್ಯೆಯ ಸಂಜೆ ಹೊಲದಿಂದ ಹೊರಟಾಗ ಯಜಮಾನರ ಮಗ ತನ್ನ ಮೋಟಾರು ಬೈಕಿನಲ್ಲಿ ನನ್ನನ್ನು ರಸ್ತೆಯವರೆಗೆ ಬಿಟ್ಟ. ಬೆಳಗಿನ ಪಾಳಿಗೆ ಅವನು ಕೆಲಸಕ್ಕೆ ಹೋಗಬೇಕಿತ್ತು. ಈ ಸಲದ ತೊಗರಿ ಹೇಗೆ ಎಂದು ಕೇಳಿದೆ. ‘ಬೆಳಿ ಛಲೋ ಅದರಿ ಸರ್’ ಎಂದ. ಧಾರಣೆಯ ಬಗ್ಗೆ ಅವನೂ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ರಸ್ತೆಯ ಎರಡೂ ಬದಿಗೆ ಕೊಯ್ಲಿಗೆ ನಿಂತ ತೊಗರಿ ಗಾಳಿಗೆ ಗಲಗಲ ಎನ್ನುತ್ತಿತ್ತು. ಅದರ ತಾರೀಖು ಬಂದಿತ್ತು. ಸರ್ಕಾರದ ಕಾಗದದ ತಾರೀಖು ಅದಕ್ಕೆ ಹೊಂದಿಕೆಯಾಗುವ ದಿನವನ್ನು ನೋಡಬೇಕೆಂಬುದು, ಒಮ್ಮೆ ತಡವಾಗಿ ಸಹಿ ಹಾಕಿದ ಈ ನಿವೃತ್ತ ನೌಕರನ ಆಸೆ.